ಟ್ಯಾಗು ಬಿಚ್ಚದ ಟೋಪಿ

ಹೋದ ನವೆಂಬರಿನಲ್ಲಿ ಓಕ್‌ವಿಲ್ಲಿನಲ್ಲಿ ತೀರಿಕೊಂಡ ನಮ್ಮ ಹಿರಿಯ ಸ್ನೇಹಿತರೊಬ್ಬರು ಆಫ್ರಿಕಾದ ನೆಲಕ್ಕೆ ಕಾಲಿಟ್ಟವರಲ್ಲ. ಆದರೂ ಟೊರಾಂಟೊ ಸುತ್ತಮುತ್ತಲಿನ ಕನ್ನಡದವರು ಎಲ್ಲೇ ಸೇರಲಿ, ಯಾರಾದರೂ ಅಲ್ಲಿಯ ಅಭಯಾರಣ್ಯ ಸೆರೆಂಗೆಟಿಯ ಹೆಸರೆತ್ತಿದರೆ ಸಾಕು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಕರಡು ನನಗೇಕೆ ಮೊದಲು ತೋರಿಸಲಿಲ್ಲ ಎಂದು ಎಲ್ಲಿದ್ದರೂ ಎದ್ದು ಬಂದಾರು ಎಂಬ ಭಯವಿದೆ. ಬದುಕಿದ್ದಾಗ ಸರ್ ಎನ್ನುತ್ತಿದ್ದೆ, ಈಗಲೂ ಹಾಗೆಯೇ ಇರಲಿ.

ಸರ್ ಹುಬ್ಬಳ್ಳಿಯವರು. ಇಲ್ಲಿಗೆ ಬಂದಾಗ ತಲೆತುಂಬ ಕೂದಲಿತ್ತಂತೆ, ನಾನು ನೋಡಿಲ್ಲ. ಒಂದು ಕಾರು ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳನ್ನು ತಪಾಸಣೆ ಮಾಡುವ ಇಂಜಿನಿಯರಾಗಿದ್ದರು. ಬಾಗಿಲು ಸರಿಯಾಗಿ ಕೂತಿಲ್ಲ, ಬಣ್ಣ ಒಂದೇ ಸಮ ಇಲ್ಲ ಎಂದು ಗಾಡಿಯನ್ನು ತಡೆದು ನಿಲ್ಲಿಸುವುದೇ ಅವರ ಕೆಲಸ. ಆ ಕೆಲಸವನ್ನು ಅವರು ಕಾರ್ಖಾನೆಯಲ್ಲಿ ಬಿಟ್ಟು ಮನೆಗೆ ಬರುತ್ತಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಎಲ್ಲಿ ಹೋದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಿಕ್ಕಿದ ವಸ್ತುವಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಮೇಜಾದರೂ ಸರಿ, ತಟ್ಟೆಯಾದರೂ ಸರಿ. ನಮ್ಮ ಮಿಲ್ಟನ್ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗ ಹೊಸ್ತಿಲಲ್ಲೇ ನಿಂತು ಬಾಗಿಲ ಚೌಕಟ್ಟನ್ನು ಮುಟ್ಟಿ ನೋಡಿದರು.

“ಮ್ಯಾಲಿನ ಕಡೆ ಗ್ಯಾಪ್ ಅದ ನೋಡ್ರಿ ಮೈಸೂರ ಮೇಡಮ್ಮರ. ಥಂಡಿ ಗಾಳಿ ಬರ್ತದ.”

ನಮಸ್ಕಾರ ಹೇಳಿದ್ದು ಆಮೇಲೆ.

ಅವರ ಹೆಂಡತಿ ಧಾರವಾಡದವರು. ನಾನು ಅಕ್ಕಾ ಎನ್ನುತ್ತೇನೆ. ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಹಳ ವರ್ಷ ಡೇಕೇರ್ ನಡೆಸಿ, ಓಕ್‌ವಿಲ್ಲಿನ ಅದೆಷ್ಟೋ ಮಕ್ಕಳ ಮೂಗು ಒರೆಸಿದವರು. ಮಾತು ಕಡಿಮೆ, ಆಡಿದರೆ ನಾಟುತ್ತದೆ. ಮಗಳು ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಕೊಂಡೇ ದೊಡ್ಡವಳಾದಳು.

ಆಫ್ರಿಕಾಕ್ಕೆ ಹೋಗುವ ಆಸೆ ಮೊದಲು ಹುಟ್ಟಿದ್ದು ಸರ್ ತಲೆಯಲ್ಲಿ ಅಲ್ಲ. ಅವರ ನಿವೃತ್ತಿಯ ಪಾರ್ಟಿಯಲ್ಲಿ ಯಾರೋ ಅಕ್ಕನನ್ನು, ಇನ್ನು ಮುಂದೇನು ಎಂದು ಕೇಳಿದರು. ಅಕ್ಕ ಕೈಯಲ್ಲಿ ಕೇಕಿನ ತಟ್ಟೆ ಹಿಡಿದುಕೊಂಡೇ, “ನನಗ ಜಿರಾಫಿ ನೋಡಬೇಕಾಗ್ಯದ,” ಎಂದರು. ಎಲ್ಲರೂ ನಕ್ಕರು. ನಾನು ಪಕ್ಕದಲ್ಲೇ ಇದ್ದೆ, ಇಲ್ಲೇ ಝೂ ಇದೆಯಲ್ಲ ಅಕ್ಕಾ ಎಂದೆ.

“ನೋಡೇನವಾ. ಡೇಕೇರ್ ಹುಡುಗರನ್ನ ಕರಕೊಂಡು ಚಳಿಗಾಲದಾಗ ಹೋಗಿದ್ದೆ. ಹೀಟರ್ ಹಚ್ಚಿದ ಶೆಡ್ಡಿನಾಗ ನಿಂತಿತ್ತು, ನಾ ಬೇಸ್‌ಮೆಂಟಿನಾಗ ನಿಂತಂಗ. ಅದನ್ನ ಅದರ ಊರಾಗ ನೋಡಬೇಕು.”

ಸರ್ ಈ ಮಾತು ಕೇಳಿಸಿಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಯಿತು. ಅಲ್ಲಿಗೆ ಆ ಜಿರಾಫೆ ಅಕ್ಕನ ಕೈಯಿಂದ ಹೋಯಿತೆಂದೇ ಲೆಕ್ಕ. ಒಬ್ಬ ಹೆಂಗಸಿನ ಆಸೆ ಒಬ್ಬ ಇಂಜಿನಿಯರನ ಪ್ರಾಜೆಕ್ಟಾಯಿತು.

ಆಫ್ರಿಕಾ ಕಮಿಟಿ ಹುಟ್ಟಿದ್ದು ಹೀಗೆ. ನಾವು ನಾಲ್ಕು ಜೋಡಿಗಳು, ಎಲ್ಲರೂ ನಿವೃತ್ತರು ಇಲ್ಲವೇ ಅದರ ಹೊಸ್ತಿಲಲ್ಲಿದ್ದವರು. ತಿಂಗಳಿಗೊಂದು ಶನಿವಾರ ಅವರ ಬೇಸ್‌ಮೆಂಟಿನಲ್ಲಿ ಸಭೆ. ಸರ್ ಗೋಡೆಗೆ ಒಂದು ದೊಡ್ಡ ನಕಾಶೆ ಅಂಟಿಸಿದ್ದರು. ಅಕ್ಕ ಗಿರಮಿಟ್ಟು, ಮಿರ್ಚಿ ಭಜಿ ಮಾಡುತ್ತಿದ್ದರು. ನಾವು ಆಫ್ರಿಕಾಕ್ಕಾಗಿ ಹೋಗುತ್ತಿದ್ದೆವೋ ಮಿರ್ಚಿಗಾಗಿ ಹೋಗುತ್ತಿದ್ದೆವೋ ಎಂದು ಕೇಳಿದರೆ, ಮಿರ್ಚಿ ಎಂದು ಎದೆ ತಟ್ಟಿ ಹೇಳಬಲ್ಲೆ.

ಸಭೆಯಲ್ಲಿ ಚರ್ಚೆಯಾಗುತ್ತಿದ್ದ ವಿಷಯಗಳನ್ನು ಕೇಳಿ. ಸಫಾರಿ ಜೀಪಿನಲ್ಲಿ ಎಡಗಡೆ ಕೂತವರಿಗೆ ಹೆಚ್ಚು ಪ್ರಾಣಿ ಕಂಡರೆ ಬಲಗಡೆ ಕೂತವರ ಗತಿಯೇನು? ಅದಕ್ಕೆ ಸೀಟಿನ ಸರದಿ. ಸರದಿ ಬದಲಾಗುವ ಹೊತ್ತಿನಲ್ಲೇ ಚಿರತೆ ಬಂದರೆ? ಅದಕ್ಕೊಂದು ಉಪನಿಯಮ. ಒಂದು ಇಡೀ ಸಭೆ ಖಡಕ್ ರೊಟ್ಟಿಯ ಮೇಲೆ ನಡೆಯಿತು. ರೊಟ್ಟಿ, ಶೇಂಗಾ ಚಟ್ನಿ ಒಯ್ಯುವುದು ಎಲ್ಲರಿಗೂ ಒಪ್ಪಿಗೆ. ಆದರೆ ರೊಟ್ಟಿ ಮುರಿಯುವ ಸಪ್ಪಳಕ್ಕೆ ಸಿಂಹ ಎದ್ದು ಬರುತ್ತದೆಯೋ, ಎದ್ದು ಓಡುತ್ತದೆಯೋ? ಸರ್ ಅಲ್ಲಿಯ ಒಂದು ಲಾಡ್ಜಿಗೆ ಈಮೇಲ್ ಬರೆದೇ ಬಿಟ್ಟರು. ನಮ್ಮ ಸಿಂಹಗಳ ಮುಂದೆ ಈ ತಿಂಡಿಯನ್ನು ಇದುವರೆಗೆ ಯಾರೂ ಮುರಿದಿಲ್ಲ, ದಯವಿಟ್ಟು ಬನ್ನಿ ಎಂದು ಅವರು ಬಹಳ ವಿನಯದಿಂದ ಉತ್ತರ ಬರೆದರು. ಸರ್ ಅದನ್ನು ನಮಗೆ ಓದಿ ಹೇಳಿ, “ಸ್ಪಷ್ಟ ಉತ್ತರ ಇಲ್ಲ,” ಎಂದು ಆ ಲಾಡ್ಜನ್ನು ಪಟ್ಟಿಯಿಂದ ಹೊಡೆದು ಹಾಕಿದರು.

ಎಲ್ಲಕ್ಕಿಂತ ದೊಡ್ಡ ತಂಟೆ ತಿಂಗಳಿನದು. ಸಾವಿರಾರು ಪ್ರಾಣಿಗಳು ಒಟ್ಟಿಗೆ ನದಿ ದಾಟುವ ದೃಶ್ಯವನ್ನು ನೋಡದೆ ಬರುವುದು ಮದುವೆಗೆ ಹೋಗಿ ಊಟ ಮಾಡದೆ ಬಂದಂತೆ ಎಂಬುದು ಸರ್ ಸಿದ್ಧಾಂತ. ಆದರೆ ಪ್ರಾಣಿಗಳು ಯಾವ ದಿನ ದಾಟುತ್ತವೆ? ಒಂದು ವರ್ಷ ಜುಲೈ ಎನ್ನುವರು, ಇನ್ನೊಂದು ವರ್ಷ ಸೆಪ್ಟೆಂಬರ್ ಎನ್ನುವರು. ಅಲ್ಲಿಯ ಮಳೆಯ ವರದಿಯನ್ನು ದಿನಾ ಬೆಳಿಗ್ಗೆ ಓದುವರು. ಓಕ್‌ವಿಲ್ಲಿನಲ್ಲಿ ಹಿಮ ಬಿದ್ದು ಡ್ರೈವ್‌ವೇ ಮುಚ್ಚಿಹೋಗಿದ್ದರೆ ಅದು ಮಾತ್ರ ಅವರಿಗೆ ಕಾಣುತ್ತಿರಲಿಲ್ಲ.

“ಬುಕ್ ಮಾಡೂಣೇನ್ರಿ ಸರ್?” ಎಂದು ನನ್ನ ಗಂಡ ಹುಬ್ಬಳ್ಳಿ ಮಾತಿನಲ್ಲೇ ಅವರನ್ನು ಛೇಡಿಸುತ್ತಿದ್ದರು.

“ತಡೀರಿ. ಇನ್ನೂ ಫೈನಲ್ ಆಗಿಲ್ಲ.”

“ಅವಕ್ಕೇನು ಗೊತ್ತರೀ ನೀವು ಬರ್ತೀರಂತ? ತಮಗ ಬೇಕಾದಾಗ ದಾಟ್ತಾವ,” ಎಂದು ಅಕ್ಕ ಭಜಿಯ ತಟ್ಟೆ ಇಟ್ಟು ಮೇಲಕ್ಕೆ ಹೋಗುತ್ತಿದ್ದರು. ಸರ್ ನಕಾಶೆಯ ಕಡೆ ತಿರುಗಿರುತ್ತಿದ್ದರು.

ಇನ್ನೂ ಫೈನಲ್ ಆಗಿಲ್ಲ. ಈ ಮಾತಿಗೆ ಒಂದು ದೇಹವಿದ್ದಿದ್ದರೆ ಅದು ಖಾಕಿ ಅಂಗಿ ತೊಟ್ಟಿರುತ್ತಿತ್ತು. ಯಾಕೆಂದರೆ ಸರ್ ಪ್ರತಿ ಋತುವಿಗೊಮ್ಮೆ ಸಫಾರಿಯ ಬಟ್ಟೆ ಕೊಳ್ಳುತ್ತಿದ್ದರು. ಮೈತುಂಬ ಜೇಬಿನ ಅಂಗಿ, ಮಂಡಿಯಲ್ಲಿ ಜಿಪ್ಪಿರುವ ಪ್ಯಾಂಟು, ಅಗಲ ಅಂಚಿನ ಟೋಪಿ. ತಂದು ಮನೆಯ ಕಪಾಟಿನಲ್ಲಿ ನೇತುಹಾಕುವರು, ಆದರೆ ಟ್ಯಾಗು ಬಿಚ್ಚುವಂತಿಲ್ಲ. ಅದಕ್ಕಿಂತ ಒಳ್ಳೆಯದು ಇನ್ನೆಲ್ಲೋ ಸಿಕ್ಕಿದರೆ? ವಾಪಸು ಕೊಡುವ ಗಡುವು ಮುಗಿಯುವ ಮುಂಚೆ ಎಲ್ಲವನ್ನೂ ಮಡಿಸಿ, ರಸೀದಿ ಸಮೇತ ಅಂಗಡಿಗೆ ಒಯ್ದು ಕೊಟ್ಟು, ಬೇರೆ ಅಂಗಡಿಯಿಂದ ಬೇರೆ ಖಾಕಿ ತರುವರು. ಟ್ಯಾಗನ್ನು ಕಾಲರಿನ ಒಳಗೆ ತುರುಕಿ ಹುಟ್ಟುಹಬ್ಬಕ್ಕೆ ಹೊಸ ಅಂಗಿ ತೊಟ್ಟು, ಮರುದಿನ ಅಂಗಡಿಗೆ ಓಡುವವರು ನಮ್ಮವರಲ್ಲಿ ಬೇಕಾದಷ್ಟಿದ್ದಾರೆ. ಸರ್ ಅಷ್ಟು ಕೆಳಗಿಳಿದವರಲ್ಲ. ಅವರು ತೊಡುತ್ತಲೂ ಇರಲಿಲ್ಲ. ಅಂಗಡಿಯವರು ಇವರನ್ನು ಕಂಡರೆ ಕೌಂಟರಿನ ಹಿಂದೆ ಅವಿತುಕೊಳ್ಳುತ್ತಿದ್ದರೇನೋ, ಗೊತ್ತಿಲ್ಲ. ನಾನಾಗಿದ್ದರೆ ಅವಿತುಕೊಳ್ಳುತ್ತಿದ್ದೆ.

ರಿಹರ್ಸಲ್ ಕತೆಯನ್ನು ಹೇಳದಿದ್ದರೆ ಸರ್ ಚಿತ್ರ ಪೂರ್ತಿಯಾಗುವುದಿಲ್ಲ. ಸಫಾರಿ ಎಂದರೆ ಗಂಟೆಗಟ್ಟಲೆ ಗಾಡಿಯಲ್ಲಿ ಸದ್ದಿಲ್ಲದೆ ಕೂರುವುದು, ನಿಮಗಾರಿಗೂ ಆ ಅಭ್ಯಾಸವಿಲ್ಲ ಎಂದರು. ಅದು ನಿಜವೇ. ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ, ಮಿಲ್ಟನ್ ಬಳಿಯ ಗುಡ್ಡದ ಕಾಡಿನ ಪಾರ್ಕಿಂಗಿನಲ್ಲಿ, ಅವರ ಮಿನಿವ್ಯಾನಿನೊಳಗೆ ನಾವೆಲ್ಲ ಒತ್ತೊತ್ತಾಗಿ ಕೂತೆವು. ಎಲ್ಲರದೂ ಮಣ್ಣು ಬಣ್ಣದ ಬಟ್ಟೆ. ಸೆಂಟು ಹಾಕುವಂತಿಲ್ಲ, ಪೂಜೆ ಮಾಡಿ ಊದುಬತ್ತಿಯ ವಾಸನೆ ಹೊತ್ತು ಬರುವಂತಿಲ್ಲ, ಕೆಮ್ಮು ಬಂದರೆ ಶಾಲಿನೊಳಗೆ. ಇಂಜಿನ್ ಬಂದ್, ಹೀಟರೂ ಬಂದ್. ಬಹಳ ಹೊತ್ತಿನ ಮೇಲೆ ಒಂದು ಹಿಂಡು ಬಾತುಗಳು ಪಾರ್ಕಿಂಗನ್ನು ದಾಟಿದವು. ಸರ್ ಮುಂದಿನ ಸೀಟಿನಿಂದ ಪಿಸುಮಾತಿನಲ್ಲಿ, “ಮುಂದಿಂದು ಲೀಡರ್. ನೋಡ್ರಿ, ಹಿಂಡಿನ ಶಿಸ್ತು ನೋಡ್ರಿ,” ಎಂದರು. ಹಿಂದಿನ ಸೀಟಿನಲ್ಲಿ ನನ್ನ ಗಂಡನ ಭುಜ ಕುಲುಕಾಡುತ್ತಿತ್ತು.

ಆಗ ಕಿಟಕಿಯ ಮೇಲೆ ಯಾರೋ ಬೆರಳಿಂದ ಬಡಿದರು. ಆ ಕಾಡಿನ ಕಾವಲಿನವಳು, ಎಳೆ ವಯಸ್ಸಿನ ಹುಡುಗಿ. ಒಂದು ವ್ಯಾನಿನ ತುಂಬ ಮುದುಕರು ಮಾತಿಲ್ಲದೆ, ಅಲುಗಾಡದೆ ಕೂತಿರುವುದನ್ನು ಕಂಡು ಹೆದರಿದ್ದಳು.

“ಈಸ್ ಎವ್ರಿಒನ್ ಓಕೆ ಇನ್ ದೇರ್?”

ಸರ್ ತುಟಿಯ ಮೇಲೆ ಬೆರಳಿಟ್ಟು, ಅವಳನ್ನೇ ಗದರಿಸುವ ಹಾಗೆ, “ಮೇಡಮ್, ಪ್ಲೀಸ್. ವಿ ಆರ್ ಇನ್ ಸೆರೆಂಗೆಟಿ,” ಎಂದರು.

ಆ ಹುಡುಗಿ ನಮ್ಮ ಮಕ್ಕಳ ಫೋನ್ ನಂಬರು ಕೇಳಿದಳು. ಮನೆಗೆ ಬರುವವರೆಗೂ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಕ್ಕ ಅಷ್ಟು ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಯಾಕೆಂದರೆ ಮುಂದಿನ ಚಳಿಗಾಲಕ್ಕೆ ಅಕ್ಕನ ಕಣ್ಣಿನ ಸುದ್ದಿ ಬಂತು. ಗಿರಮಿಟ್ಟಿಗೆ ಈರುಳ್ಳಿ ಹೆಚ್ಚುತ್ತ, ಹವಾಮಾನ ಹೇಳುವ ದನಿಯಲ್ಲಿ ನನಗೆ ಹೇಳಿದರು. “ಡಾಕ್ಟರ್ ಹೇಳ್ಯಾರ ತಂಗಿ, ನಡುವಿಂದು ಹೋಗ್ತದಂತ, ಅಂಚಿಂದು ಸ್ವಲ್ಪ ಉಳೀತದಂತ. ಈಗ ನಿನ್ನ ಮುಖದಾಗ ಮೂಗು ಕಾಣವಲ್ದು. ಕಿವಿ ಕಾಣ್ತಾವ.” ಇಂಜೆಕ್ಷನ್ ಕೊಡುತ್ತಾರೆ, ಅದು ತಡವಾಗಿಸುತ್ತದೆ ಅಷ್ಟೇ ಎಂದರು. ಎಷ್ಟು ಕಾಲ ಎಂದು ಯಾರೂ ಹೇಳಲಾರರು.

ನಾನು ಬೇಸ್‌ಮೆಂಟಿಗೆ ಇಳಿದವಳೇ, “ಸರ್, ಈ ವರ್ಷವೇ ಹೊರಡಿ. ನದಿ ದಾಟದಿದ್ದರೆ ಕತ್ತೆಬಾಲ. ಅಕ್ಕನಿಗೆ ಜಿರಾಫೆ ತೋರಿಸಿ ಕರ್ಕೊಂಡು ಬನ್ನಿ,” ಎಂದೆ.

ಸರ್ ನಕಾಶೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. “ಅದಕ್ಕ ಮೇಡಮ್ಮರ, ಈಗ ಇನ್ನೂ ಕರೆಕ್ಟ್ ಆಗಿ ಪ್ಲ್ಯಾನ್ ಮಾಡಬೇಕಾಗ್ತದ. ಆಕಿಗೆ ಒಂದೇ ಚಾನ್ಸ್ ಇರೂದು. ತಪ್ಪಾಗಬಾರದು.”

ಮಾತು ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆ ವರ್ಷ ಹೋಯಿತು. ಕಮಿಟಿಯ ಒಂದು ಜೋಡಿ ಬೇಸತ್ತು ಹಡಗಿನಲ್ಲಿ ಅಲಾಸ್ಕಾ ನೋಡಿ ಬಂದರು. ಸರ್ ಅವರನ್ನು ಪಕ್ಷಾಂತರಿಗಳೆಂದು ಸಭೆಗೆ ಕರೆಯುವುದನ್ನೇ ಬಿಟ್ಟರು. ಅಕ್ಕ ಈಗ ಭಜಿಯನ್ನು ಎಣ್ಣೆಗೆ ಬಿಡುವಾಗ ತಲೆಯನ್ನು ಓರೆ ಮಾಡಿ, ಬಾಣಲೆಯನ್ನು ಪಕ್ಕದಿಂದ ನೋಡುತ್ತಿದ್ದರು.

ಜನವರಿಯ ಸಭೆಯಲ್ಲಿ ಗಿರಮಿಟ್ಟಿನ ತಟ್ಟೆಗಳನ್ನು ಹಂಚಿದ ಮೇಲೆ ಅಕ್ಕ ಮೇಲಕ್ಕೆ ಹೋಗಲಿಲ್ಲ. ಅಲ್ಲೇ ನಿಂತರು.

“ನಾ ಬರೂ ತಿಂಗಳು ಆಫ್ರಿಕಾಕ್ಕ ಹೊಂಟೇನಿ.”

ಕಮ್ಯುನಿಟಿ ಸೆಂಟರಿನಲ್ಲಿ ಅಕ್ಕನ ಜೊತೆ ಕುರ್ಚಿ ಯೋಗಕ್ಕೆ ಬರುವ ಗುಜರಾತಿ ಹೆಂಗಸರ ಒಂದು ಗುಂಪಿತ್ತು. ಅವರು ಒಂದು ಮಧ್ಯಾಹ್ನ ಮಾಲಿನ ಫುಡ್‌ಕೋರ್ಟಿನಲ್ಲಿ ಚಹಾ ಕುಡಿಯುತ್ತ ಟೂರು ಗೊತ್ತುಮಾಡಿದ್ದರು. ಚಹಾ ಆರುವುದರೊಳಗೆ ಎಲ್ಲ ಮುಗಿದಿತ್ತಂತೆ. ಅದರಲ್ಲಿ ಒಬ್ಬಾಕೆ ಅಕ್ಕನ ಕೈ ಹಿಡಿದು, “ಚಲೋ ಬೆಹನ್, ಆಪ್ ಭೀ,” ಎಂದಳಂತೆ.

ಸರ್ ಕನ್ನಡಕ ಕೆಳಗಿಳಿಸಿದರು. “ಫೆಬ್ರುವರಿ? ತಿಂಗಳನ ರಾಂಗ್ ಅದ. ನದಿ ದಾಟೂದು ಇರೂದಿಲ್ಲ ಆವಾಗ.”

“ನನಗ ನದಿ ಬ್ಯಾಡ. ಜಿರಾಫಿ ಸಾಕು.”

“ಇಷ್ಟು ವರ್ಷ ಪ್ಲ್ಯಾನ್ ಮಾಡೇವಿ...”

“ನೀವು ಮಾಡ್ರಿ. ಅಷ್ಟರಾಗ ನಾ ಹೋಗಿ ಬರ್ತೇನಿ. ಬರ್ತೀರೇನು ನೀವೂ?”

ಸರ್ ಬಹಳ ಹೊತ್ತು ನಕಾಶೆ ನೋಡಿ, “ನಾ ಹ್ಯಾಂಗ ಬರ್ಲಿ? ಇನ್ನೂ ಫೈನಲ್ ಆಗಿಲ್ಲ,” ಎಂದರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಕ್ಕನನ್ನು ಏರ್‌ಪೋರ್ಟಿಗೆ ಬಿಡಲು ಮಾತ್ರ ಸರ್ ತಾವೇ ಬಂದರು. ಬಿಡುವಾಗ ಹೊಸ ದುರ್ಬೀನು ಕೊಟ್ಟರು. “ಟ್ಯಾಗ್ ಬಿಚ್ಚಬ್ಯಾಡ,” ಎಂದೂ ಹೇಳಿದರು.

ಅಕ್ಕ ಮರಳಿದ ಮೇಲೆ ಕತೆ ಕೇಳಲು ನಾವೆಲ್ಲ ಸೇರಿದೆವು. ಆವತ್ತು ಅಕ್ಕ ಕುರ್ಚಿಯಲ್ಲಿ ಕೂತಿದ್ದರು, ಮಿರ್ಚಿ ಅಂಗಡಿಯದು. ಸಿಂಹ, ಆನೆ ಎಲ್ಲ ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟರು. ಜಿರಾಫೆಗೆ ಬಂದಾಗ ಕುತ್ತಿಗೆ ಎತ್ತಿದರು.

“ಗಾಡಿ ಹತ್ತರನ ಬಂದಿತ್ತವಾ. ದುರ್ಬೀನು ಬಾಜೂಕಿಟ್ಟೆ. ನೆಟ್ಟಗ ನೋಡಿದರ ನನಗ ಅದರ ಮುಖ ಕಾಣವಲ್ದು, ಅದಕ್ಕ ಹಿಂಗ ಓರೆ ಮಾಡಿ ನೋಡಿದೆ. ಅದೂ ಹಂಗ ಓರೆ ಮಾಡಿ ನನ್ನ ನೋಡ್ತು. ಎಂಥಾ ರೆಪ್ಪಿ ಅಂತೀ! ಇಷ್ಟಿಷ್ಟುದ್ದ. ಇಬ್ಬರೂ ಹಂಗ ನಿಂತಿದ್ದಿವಿ. ಇನ್ನ ನನಗ ಏನೂ ಕಾಣಲಿಲ್ಲಂದರೂ ಅಡ್ಡಿಯಿಲ್ಲ.”

ಸರ್ ಕನ್ನಡಕ ಮೂಗಿನ ತುದಿಗೆ ಇಳಿಯಿತು.

“ಯಾವ ಭಾಗದಾಗ? ಫೆಬ್ರುವರಿಯಾಗ ಅವು ಆ ಕಡೆ ಇರೂ ಚಾನ್ಸ್ ಭಾಳ ಕಡಿಮಿ.”

ಅಕ್ಕ ದನಿ ಬರುವ ಕಡೆ ತಲೆ ಓರೆ ಮಾಡಿದರು. “ಅದು ಬಂದಿತ್ತರೀ. ನೀವು ಬಂದಿದ್ದಿಲ್ಲ.”

ಮರುವಾರ ಸರ್ ದುರ್ಬೀನನ್ನು ಅಂಗಡಿಗೆ ವಾಪಸು ಕೊಟ್ಟುಬಂದರು. ಕಾರು ರಿಪೇರಿಗೆ ಹೋಗಿತ್ತೆಂದು ನಾನೇ ಅವರನ್ನು ಕರೆದೊಯ್ದಿದ್ದೆ. ಬಳಸಿದ್ದೀರಾ ಎಂದು ಕೌಂಟರಿನವನು ಕೇಳಿದಾಗ ಸರ್ ಟ್ಯಾಗು ಎತ್ತಿ ತೋರಿಸಿ, “ನಾಟ್ ಯೂಸ್ಡ್,” ಎಂದರು. ವಾಪಸು ಬರುವಾಗ ಕ್ವೀನ್ ಎಲಿಜಬೆತ್ ಹೆದ್ದಾರಿಯಲ್ಲಿ ಟ್ರಾಫಿಕ್ಕು ನಿಂತಾಗ ಅವರೇ ಶುರು ಮಾಡಿದರು.

“ಸಿಟ್ಟಾಗೀರಿ.”

“ಹೌದು ಸರ್.”

“ಆಕಿ ಹೋಗಿ ಬಂದಳು. ಚಲೋ ಆತು. ಆದರ ನಾ ಹೋಗಿ ಬಂದೆ ಅಂತ ಇಟ್ಕೋರಿ. ಬಂದ ಮ್ಯಾಲ ಶನಿವಾರ ಏನ್ ಮಾಡೂದ್ರಿ?”

ನನಗೆ ಪಾಪ ಎನಿಸಿತು. ಮರುಕ್ಷಣವೇ, ತನ್ನ ಶನಿವಾರಗಳನ್ನು ಕಾಪಾಡಿಕೊಳ್ಳಲು ಈ ಮನುಷ್ಯ ಹೆಂಡತಿಯ ಕಣ್ಣು ಕಾಯಿಸಿದನಲ್ಲ ಎಂದು ಸಿಟ್ಟು ಇಮ್ಮಡಿಯಾಯಿತು. ಆಮೇಲೂ ಸಭೆಗಳು ನಡೆದವು. ಆಮೇಲೂ ನಾನು ಹೋದೆ. ಅಂಥ ಮನುಷ್ಯನನ್ನು ಬಿಟ್ಟಿರುವುದೂ ಕಷ್ಟ.

ಹೋದ ನವೆಂಬರಿನಲ್ಲಿ ಸರ್‌ಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಮಾತು ನಿಂತಿತ್ತು, ಹೆಬ್ಬೆರಳು ಮಾತ್ರ ಹಾಸಿಗೆಯ ಕಂಬಿಯ ಮೇಲೆ ಆಡುತ್ತಿತ್ತು. ಕಂಬಿಯಲ್ಲಿ ಏನಾದರೂ ದೋಷ ಸಿಕ್ಕಿತೇನೋ, ಒಂದು ಬೆಳಿಗ್ಗೆ ಅದೂ ನಿಂತಿತು.

ಅಂತ್ಯಕ್ರಿಯೆಯ ಹಿಂದಿನ ದಿನ ಫ್ಯೂನರಲ್ ಹೋಮಿಗೆ ಬಟ್ಟೆ ಕೊಡಬೇಕಿತ್ತು. ಪುರೋಹಿತರು ಫೋನಿನಲ್ಲಿ ರೇಷ್ಮೆ ಪಂಚೆ, ಶಲ್ಯ ಎಂದಿದ್ದರು. ಅಕ್ಕ, ಮಗಳು, ನಾನು ಕಪಾಟಿನ ಮುಂದೆ ನಿಂತಿದ್ದೆವು. ಅಷ್ಟು ಹೊತ್ತಿಗೆ ಅಕ್ಕನಿಗೆ ಓರೆ ನೋಟದಲ್ಲೂ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ನಾನು ಪಂಚೆ ತೆಗೆದು ಕೈಗೆ ಕೊಟ್ಟೆ. ಮುಟ್ಟಿ ನೋಡಿ ಹಾಸಿಗೆಯ ಮೇಲೆ ಇಟ್ಟರು.

“ಇದಲ್ಲ. ಖಾಕಿ ಎಲ್ಲದ?”

“ಅಮ್ಮಾ, ನೋ,” ಎಂದಳು ಮಗಳು. “ಪೀಪಲ್ ವಿಲ್ ಲಾಫ್.”

“ನಗಲಿ. ಇಷ್ಟು ವರ್ಷ ನನ್ನ ಮಿರ್ಚಿ ತಿಂದು ನಕ್ಕಾರ. ಇನ್ನೊಂದು ಸಲ ನಗಲಿ.”

ನಾನು ತಲೆ ತಗ್ಗಿಸಿದೆ. ಖಾಕಿ ತೆಗೆದುಕೊಟ್ಟೆ. ಅಕ್ಟೋಬರಿನಲ್ಲಿ ಕೊಂಡದ್ದು, ವಾಪಸು ಕೊಡುವ ಗಡುವು ಇನ್ನೂ ಮುಗಿದಿರಲಿಲ್ಲ. ಅಕ್ಕ ಅಂಗಿಯನ್ನು ಮಡಿಲಲ್ಲಿ ಹಾಸಿಕೊಂಡು ಜೇಬು ಜೇಬೂ ಮುಟ್ಟಿದರು, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಸರ್ ಇದ್ದಿದ್ದರೆ ಹೀಗೆಯೇ ನೋಡುತ್ತಿದ್ದರು. ಕಂಕುಳ ಹತ್ತಿರ ಬೆರಳಿಗೆ ಪ್ಲಾಸ್ಟಿಕ್ಕಿನ ದಾರ ಸಿಕ್ಕಿತು.

“ಕತ್ತರಿ ಕೊಡು.”

ನಾನು ಕತ್ತರಿಸುತ್ತೇನೆ ಅಕ್ಕಾ ಎಂದೆ. ಬೇಡವೆಂದು ತಲೆಯಾಡಿಸಿದರು. ಎಡಗೈಯ ಬೆರಳಿನಿಂದ ದಾರದ ಬುಡ ಹುಡುಕಿ, ಬಟ್ಟೆಗೆ ತಾಗದ ಹಾಗೆ ತಾವೇ ಕತ್ತರಿಸಿದರು. ಅಂಗಿಯದು, ಪ್ಯಾಂಟಿನದು. ಕೊನೆಗೆ ಟೋಪಿಯದು ಸ್ವಲ್ಪ ತಡವಾಯಿತು. ಅಂಚಿನ ಸುತ್ತ ಎರಡು ಸಲ ಬೆರಳು ಹೋಗಿಬಂತು. ಅದೂ ಸಿಕ್ಕಿತು.

ಟ್ಯಾಗನ್ನು ನನ್ನ ಕೈಗೆ ಕೊಟ್ಟು, ಟೋಪಿಯನ್ನು ಎದೆಗೆ ಒತ್ತಿಕೊಂಡು ಅಕ್ಕ ಮೆಲ್ಲಗೆ ಹೇಳಿದರು.

“ಈಗ ಫೈನಲ್ ಆತು ನೋಡ್ರಿ. ಹೋಗಿ ಬರ್ರಿ.”